ನಿಂತ ರಕ್ತವನ್ನು ಮತ್ತೆ ಹರಿಸುವುದು

ರಕ್ತ ಹರಿಯುವುದು ನಿಂತೊಡನೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಲು ತೊಡಗುತ್ತದೆ. ಹೃದಯದಿಂದ ಹೊರಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಈ ಪುಟ್ಟ ಅಂಗಗಳಿಗೆ ಸಲ್ಲುತ್ತದೆ. ಅವುಗಳೊಳಗಿನ ಸೂಕ್ಷ್ಮ ನಾಳಗಳು ಆಮ್ಲಜನಕವಿಲ್ಲದೆ ಹೆಚ್ಚು ಹೊತ್ತು ತಾಳಲಾರವು. ಹೃದಯ ನಿಂತು ತೀರಿಕೊಂಡವರ ಮೂತ್ರಪಿಂಡ ಕಸಿಯಾದ ಮೇಲೂ ಕೆಲವು ದಿನ ಸುಮ್ಮನಿದ್ದು, ಪಡೆದವರು ಮತ್ತೆ ಡಯಾಲಿಸಿಸ್‌ಗೆ ಹೋಗಬೇಕಾಗುವುದು ಬಹುಮಟ್ಟಿಗೆ ಈ ಪೆಟ್ಟಿನಿಂದ. ಅದನ್ನು ತಗ್ಗಿಸಲು ಶಸ್ತ್ರವೈದ್ಯರು ಹಿಡಿದ ಒಂದು ದಾರಿ, ಸಾವು ಎಂದರೇನು ಎಂಬ ಪ್ರಶ್ನೆಯನ್ನು ಹೊಸದಾಗಿ ಎಬ್ಬಿಸಿದೆ.

ಗುಣವಾಗುವ ಆಸೆ ಉಳಿಯದ ರೋಗಿಯ ವೆಂಟಿಲೇಟರನ್ನು ಮನೆಯವರೊಂದಿಗೆ ಮಾತಾಡಿ ತೆಗೆಯುತ್ತಾರೆ. ಹೃದಯ ನಿಂತ ಮೇಲೆ, ಅದು ತಾನಾಗಿ ಮತ್ತೆ ಬಡಿಯುವುದೇ ಎಂದು ಕಾಯುತ್ತಾರೆ: ಸ್ಪೇನಿನಲ್ಲಿ 5 ನಿಮಿಷ, ಇಟಲಿಯಲ್ಲಿ 20 ನಿಮಿಷ. ಸಾವನ್ನು ಘೋಷಿಸಿದ ನಂತರ ಎದೆಯ ಮಹಾಪಧಮನಿಯನ್ನು ಕ್ಲಾಂಪಿನಿಂದಲೋ ಬಲೂನಿನಿಂದಲೋ ಮುಚ್ಚಿ, ಆಮ್ಲಜನಕ ಬೆರೆಸಿದ ಬೆಚ್ಚನೆಯ ರಕ್ತವನ್ನು ಯಂತ್ರದ ಮೂಲಕ ಹೊಟ್ಟೆಯ ಅಂಗಗಳಿಗಷ್ಟೇ ಹರಿಸುತ್ತಾರೆ. ಒಂದೆರಡು ಗಂಟೆಗಳಲ್ಲಿ ಸೊರಗಿದ ಜೀವಕೋಶಗಳು ಚೇತರಿಸಿಕೊಳ್ಳುತ್ತವೆ. ಇಟಲಿಯಂಥ ದೀರ್ಘ ಕಾಯುವಿಕೆಯ ನಂತರವೂ ಅಂಗಗಳು ಕಸಿಗೆ ಒದಗುತ್ತಿರುವುದಕ್ಕೆ ಈ ಕ್ರಮ ದೊಡ್ಡ ಆಸರೆ. ಮಹಾಪಧಮನಿಯನ್ನು ಮುಚ್ಚುವುದು ರಕ್ತ ಮಿದುಳಿಗೆ ಏರದಿರಲೆಂದು. ವಿವಾದವೆಲ್ಲ ನಿಂತಿರುವುದು ಆ ಕ್ಲಾಂಪಿನ ಮೇಲೆ.

ಅಮೆರಿಕದ 1981ರ ಮಾದರಿ ಕಾನೂನು, ರಕ್ತಸಂಚಾರ ಮತ್ತು ಉಸಿರಾಟ ಮರಳಿ ಬರಲಾರದಂತೆ ನಿಲ್ಲುವುದನ್ನು ಸಾವಿನ ಒಂದು ಗುರುತಾಗಿ ಹೇಳುತ್ತದೆ. ಭಾರತದ 1994ರ ಅಂಗಾಂಗ ಕಸಿ ಕಾಯ್ದೆಯ ಮಾತು ಬೇರೆ: ಜೀವದ ಕುರುಹುಗಳೆಲ್ಲ ಶಾಶ್ವತವಾಗಿ ಅಳಿಯುವುದು. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಮರಳಿ ಬರಲಾರದ್ದಕ್ಕೂ ಮರಳಿ ಬಾರದಿರುವುದಕ್ಕೂ ನಡುವೆ ಬಲು ಅಂತರವಿದೆ. ಮೊದಲನೆಯದು ದೇಹದ ಅಳವಿನ ಮಾತು, ಎರಡನೆಯದರಲ್ಲಿ ಮನುಷ್ಯರ ತೀರ್ಮಾನವೂ ಸೇರಿದೆ. ಹೃದಯ ನಿಂತ ಐದನೇ ನಿಮಿಷದಲ್ಲಿ ಎದೆ ಒತ್ತಿದರೆ ಕೆಲವರಲ್ಲಿ ಅದು ಮತ್ತೆ ಬಡಿದೀತು. ಯಾರೂ ಒತ್ತುವುದಿಲ್ಲವಾದ್ದರಿಂದ ಬಡಿಯುವುದಿಲ್ಲ. ನರವೈದ್ಯ ಜೇಮ್ಸ್ ಬರ್ನಾಟ್ ಎತ್ತಿ ಹಿಡಿದದ್ದು ಈ ಎರಡನೆಯ ಅರ್ಥವನ್ನು.

ವಿರೋಧಿಗಳ ಆಕ್ಷೇಪ ಇಲ್ಲಿಯೇ ಮೊನಚಾಗುತ್ತದೆ. ರಕ್ತ ನಿಂತಿತೆಂದು ಸಾವನ್ನು ಘೋಷಿಸಿ, ಮರುಗಳಿಗೆಯಲ್ಲೇ ಅದೇ ದೇಹದಲ್ಲಿ ರಕ್ತ ಹರಿಸಿದರೆ ಘೋಷಣೆಯ ಬುಡವೇ ಕುಸಿಯುವುದಿಲ್ಲವೇ? ಮಿದುಳಿಗೆ ದಾರಿ ಮುಚ್ಚಿದವರೇ ಸಾವನ್ನು ಪೂರ್ಣಗೊಳಿಸಿದಂತಾಗುವುದಿಲ್ಲವೇ? ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2021ರಲ್ಲಿ ಇಂಥ ಕಾರಣಗಳನ್ನು ಮುಂದಿಟ್ಟು ಈ ಕ್ರಮವನ್ನು ಸದ್ಯಕ್ಕೆ ನಿಲ್ಲಿಸುವಂತೆ ಕೇಳಿತು.

ಈ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಹಾಗಿದ್ದರೂ ಹೊಟ್ಟೆಗಷ್ಟೇ ರಕ್ತ ಹರಿಸುವ ಕ್ರಮ ಅದಕ್ಕೆ ಉತ್ತರ ಕೊಡಬಲ್ಲದು. ವ್ಯಕ್ತಿಯನ್ನು ವ್ಯಕ್ತಿಯಾಗಿ ಹಿಡಿದಿದ್ದ ಮಿದುಳಿಗೆ ರಕ್ತ ನಿಂತದ್ದು ರೋಗದಿಂದ, ಚಿಕಿತ್ಸೆಯನ್ನು ಮುಂದುವರಿಸದ ತೀರ್ಮಾನದಿಂದ. ಕ್ಲಾಂಪ್ ಬಂದದ್ದು ಆಮೇಲೆ. ಅದು ಆದದ್ದನ್ನು ಆದಂತೆಯೇ ಉಳಿಸುತ್ತದೆ. ಮೂತ್ರಪಿಂಡಕ್ಕೆ ರಕ್ತ ಹರಿದ ಮಾತ್ರಕ್ಕೆ ಮನುಷ್ಯ ಬದುಕಿದನೆನ್ನಲಾಗದು. ಎದೆಯೊಳಗೇ ಹೃದಯವನ್ನು ಮತ್ತೆ ಬಡಿಸಿ ನೋಡುವ ಇನ್ನೊಂದು ವಿಧಾನದಲ್ಲಿ ಈ ವಾದ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಹೃದಯ ನಿಂತಿತೆಂಬ ಕಾರಣಕ್ಕೆ ಸತ್ತರೆಂದವರ ಹೃದಯವೇ ಅಲ್ಲಿ ಬಡಿಯುತ್ತಿರುತ್ತದೆ. ಅದನ್ನು ಸಮರ್ಥಿಸುವವರು, ಸಾವಿನ ಅಳತೆ ಮಿದುಳಿನ ರಕ್ತಸಂಚಾರವೇ ಹೊರತು ಹೃದಯವಲ್ಲ ಎಂದು ಬಿಚ್ಚಿ ಹೇಳಬೇಕಾಗುತ್ತದೆ.

ಸಾವಿನ ಗಳಿಗೆಯನ್ನು ನಿರ್ಧರಿಸುವುದು ವೈದ್ಯರಿಗೆ ಬಿಟ್ಟದ್ದು ಎಂದು ಪೋಪ್ 12ನೇ ಪಯಸ್ 1957ರಲ್ಲಿ ಅರಿವಳಿಕೆ ತಜ್ಞರಿಗೆ ಹೇಳಿದ್ದರು. ಯಹೂದಿ ಧರ್ಮಶಾಸ್ತ್ರ ಇನ್ನೊಂದು ಬದಿಯಿಂದ ಎಚ್ಚರಿಸುತ್ತದೆ: ಸಾಯುತ್ತಿರುವವರ ಸಾವನ್ನು ಬೇಗ ಬರಿಸುವಂತೆ ಅವರ ಮೈ ಮುಟ್ಟಬಾರದು. ಆ ಎಚ್ಚರಿಕೆ ನೇರವಾಗಿ ತಟ್ಟುವುದು ಸಾವಿಗೆ ಮುಂಚಿನ ಸಿದ್ಧತೆಗೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುವುದು, ತೊಡೆಯ ರಕ್ತನಾಳಕ್ಕೆ ಮೊದಲೇ ಕೊಳವೆ ಇಳಿಸುವುದು ಸ್ಪೇನಿನಲ್ಲಿ ಒಪ್ಪಿಗೆಯ ಮೇರೆಗೆ ನಡೆಯುತ್ತದೆ. ಆಗ ರೋಗಿ ಇನ್ನೂ ಬದುಕಿರುತ್ತಾರೆ, ಆ ಕೊಳವೆಯಿಂದ ಅವರ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ತಮ್ಮ ಅಂಗಗಳು ಇನ್ನೊಬ್ಬರಿಗೆ ಸಲ್ಲಲೆಂದು ಅವರು ಮೊದಲೇ ಬಯಸಿದ್ದರೆ ಮಾತ್ರ ಅದು ಅವರದೇ ಕೆಲಸವಾಗುತ್ತದೆ. ಹಾಗಾಗಿ ಕೊಳವೆ, ಕ್ಲಾಂಪ್, ಮತ್ತೆ ಹರಿಯುವ ರಕ್ತ ಎಲ್ಲವನ್ನೂ ಮನೆಯವರಿಗೆ ಸಹಿಗೆ ಮುನ್ನವೇ ತಿಳಿಯಹೇಳಬೇಕು.