ದಿನದ ಧಮ್ಮ ಚಿಂತನೆ: ಧೂಳು ಮತ್ತು ಹಣೆಬರಹ





"ನನ್ನ ಕಾಲಿನ ಧೂಳಿಗೂ ಸಮನಲ್ಲ" ಎಂಬ ಮಾತನ್ನು ನಮ್ಮ ಹಿರಿಯರು ಎಷ್ಟು ಸಲ ಕೇಳಿಸಿಕೊಂಡರೋ! ಇಂದು ಆ ಧೂಳನ್ನೇ ಸ್ವಲ್ಪ ನೋಡೋಣ.

ಅಂಟಾರ್ಕ್ಟಿಕಾದ ಡೋಮ್ ಸಿ ಎಂಬಲ್ಲಿ ಯುರೋಪಿನ ವಿಜ್ಞಾನಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಮಂಜುಗಡ್ಡೆಯನ್ನು ಕೊರೆದು ತೆಗೆದರು. ಪದರ ಪದರವಾಗಿ ಬಿದ್ದ ಆ ಹಿಮದಲ್ಲಿ 8 ಲಕ್ಷ ವರ್ಷಗಳ ಲೆಕ್ಕವಿದೆ. ಬೆಚ್ಚಗಿನ ಕಾಲಕ್ಕಿಂತ ಹಿಮಯುಗಗಳಲ್ಲಿ ಅಲ್ಲಿ ಸುಮಾರು 25 ಪಟ್ಟು ಹೆಚ್ಚು ಧೂಳು ಬಿದ್ದಿತ್ತು. ಅದರಲ್ಲಿ ಬಹುಪಾಲು ದಕ್ಷಿಣ ಅಮೆರಿಕದ ಪೆಟಗೋನಿಯಾ ಕಡೆಯದು.

ಇಷ್ಟು ಧೂಳು ಎದ್ದದ್ದೇಕೆ? ಚಳಿಯಿಂದ ಮಳೆ ಕಡಿಮೆಯಾಯಿತು. ಹುಲ್ಲು, ಮರ ಕಡಿಮೆಯಾಗಿ ನೆಲ ಬರಿದಾಯಿತು. ಹಿಮನದಿಗಳು ಬಂಡೆಯನ್ನು ಹಿಟ್ಟಿನಂತೆ ಅರೆದವು. ಎದ್ದ ಧೂಳನ್ನು ತೊಳೆದು ಕೆಳಗಿಳಿಸಲು ಸಾಕಷ್ಟು ಮಳೆಯಿರಲಿಲ್ಲ.

ಆ ಧೂಳು ಏನು ಮಾಡಿತು? ಕಡಲ ಮೇಲೆ ಹಾರುತ್ತಾ ಬಿಸಿಲನ್ನು ಹಿಂದಕ್ಕೆ ಚೆದುರಿಸಿತು. ಅದರಲ್ಲಿದ್ದ ಕಬ್ಬಿಣ ದಕ್ಷಿಣ ಸಾಗರದ ಸೂಕ್ಷ್ಮ ಸಸ್ಯಗಳಿಗೆ ಗೊಬ್ಬರವಾಯಿತು. ಅವು ಬೆಳೆಯುತ್ತಾ ಇಂಗಾಲದ ಡೈಆಕ್ಸೈಡನ್ನು ಹೀರಿದವು, ಸತ್ತಾಗ ಆ ಇಂಗಾಲದ ಒಂದು ಪಾಲು ಆಳಕ್ಕಿಳಿಯಿತು. 1990ರಲ್ಲಿ ಜಾನ್ ಮಾರ್ಟಿನ್ ಎಂಬ ವಿಜ್ಞಾನಿ ಮಂಡಿಸಿದ ವಾದವಿದು. ಸುಮಾರು 20,000 ವರ್ಷಗಳ ಹಿಂದೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಆ ಅನಿಲ ಸುಮಾರು 190 ಪಾಲಿತ್ತು; ಕಾರ್ಖಾನೆಗಳ ಯುಗಕ್ಕೆ ಮುಂಚೆ 280. ಈ ವ್ಯತ್ಯಾಸ ಪೂರ್ತಿ ಧೂಳಿನದಲ್ಲ, ಒಂದು ಭಾಗ ಮಾತ್ರ. ಇನ್ನೊಂದು ಸೋಜಿಗ ಕೇಳಿ: ಇದೇ ಧೂಳು ಬಿಳಿ ಹಿಮದ ಮೇಲೆ ಕೂತರೆ ಬಿಸಿಲನ್ನು ಹೀರಿ ಹಿಮವನ್ನೇ ಕರಗಿಸುತ್ತದೆ.

ಚಳಿಯಿಂದ ಧೂಳು, ಧೂಳಿನಿಂದ ಇನ್ನಷ್ಟು ಚಳಿ. ಭೂಮಿ ಸೂರ್ಯನನ್ನು ಸುತ್ತುವ ರೀತಿಯಲ್ಲಾದ ನಿಧಾನದ ಬದಲಾವಣೆ ಇದಕ್ಕೆ ಚಾಲನೆ ಕೊಟ್ಟಿತು. ಇಲ್ಲಿ ಯಾವ ದೇವರ ಕೋಪವೂ ಇಲ್ಲ, ಯಾರ ಪೂರ್ವಜನ್ಮದ ಪಾಪವೂ ಇಲ್ಲ. ಭಗವಾನ್ ಬುದ್ಧರು ಪಟಿಚ್ಚಸಮುಪ್ಪಾದ ಎಂದು ಬೋಧಿಸಿದ್ದು ಇದನ್ನೇ: ಕಾರಣಗಳು ಕೂಡಿದಾಗ ಒಂದು ಸ್ಥಿತಿ ಹುಟ್ಟುತ್ತದೆ, ಅವು ಚೆದುರಿದಾಗ ಅಳಿಯುತ್ತದೆ. ಸಾವಿರಾರು ವರ್ಷ ಶಾಶ್ವತವೆಂಬಂತೆ ನಿಂತಿದ್ದ ಹಿಮವೂ ಕರಗಿತು.

ಇದನ್ನು ಬರೆಯಲು ಕಾರಣವಿದೆ. ನಮ್ಮ ಬಳಗದ ತಾಯಿಯೊಬ್ಬರ ಮಗನಿಗೆ ನೌಕರಿ ಸಿಕ್ಕ ಊರಿನಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ಮುಂಗಡ ಮಾತಾಡಿದ ಮೇಲೆ "ನೀವು ಯಾವ ಜನ?" ಎಂದರಂತೆ. ಆ ತಾಯಿ ನನಗೆ ಹೇಳಿದ್ದು ಒಂದೇ ಮಾತು: "ನಮ್ಮ ಹಣೆಬರಹ, ಮೇಷ್ಟ್ರೇ."

ಅಮ್ಮಾ, ಹಣೆಯ ಮೇಲೆ ಯಾರೂ ಏನನ್ನೂ ಬರೆದಿಲ್ಲ. 1916ರಲ್ಲಿ, 25ರ ಹರೆಯದ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಕುರಿತು ಪ್ರಬಂಧ ಓದಿದರು. ಜಾತಿ ಹೇಗೆ ಹುಟ್ಟಿತು, ಯಾವುದರಿಂದ ಉಳಿದಿದೆ ಎಂದು ವಿಜ್ಞಾನಿಯಂತೆ ಹುಡುಕಿ, ಒಳವಿವಾಹವೇ ಅದರ ಮೂಲ ಎಂದು ತೋರಿಸಿದರು. ಕಾರಣ ಸಿಕ್ಕಿತೆಂದರೆ ಕೈ ಹಾಕಲು ಜಾಗವೂ ಸಿಕ್ಕಿತು. ಹಣೆಬರಹಕ್ಕೆ ಅಂಥ ಜಾಗವೇ ಇಲ್ಲ.

ಒಂದು ಕಣ ಧೂಳು ಹವಾಮಾನ ಬದಲಿಸಲಿಲ್ಲ. ಕಣಕ್ಕೆ ಕಣ ಸೇರಿದಾಗ ಕಡಲಿಗೇ ಅದರ ಪರಿಣಾಮ ತಟ್ಟಿತು. ನಾವು ಸಂಘಕ್ಕೆ ಶರಣು ಹೋಗುವುದರ ಅರ್ಥವೂ ಇಲ್ಲಿದೆ. ಆ ಹುಡುಗ ಮುಂದಿನ ಸಲ ಮನೆ ಹುಡುಕಲು ಒಬ್ಬನೇ ಹೋಗದಿರಲಿ, ನಮ್ಮಲ್ಲಿ ನಾಲ್ವರು ಜೊತೆಗಿರೋಣ.

ಇಂದಿನ ಅಭ್ಯಾಸ: "ಹಣೆಬರಹ" ಎಂಬ ಪದ ಬಾಯಿಗೆ ಬಂದಾಗ ತಡೆದು, "ಇದಕ್ಕೆ ಕಾರಣಗಳೇನು? ಅವುಗಳಲ್ಲಿ ನಮ್ಮ ಕೈಗೆ ಎಟುಕುವುದು ಯಾವುದು?" ಎಂದು ಕೇಳಿಕೊಳ್ಳೋಣ. ಮನೆಯ ಮಕ್ಕಳಿಗೂ ಈ ಪ್ರಶ್ನೆ ಕಲಿಸೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.