ಇಂದಿನ ಧಮ್ಮ ಚಿಂತನೆ: ಗೆದ್ದ ಮೇಲೆ ಏನು ಮಾಡಿದರು?



ಗಡಿಯಲ್ಲಿ ಗುಂಡು ಹಾರಿದ ಸುದ್ದಿ ಬಂದರೆ ಸಾಕು, ಗ್ರೂಪುಗಳಲ್ಲಿ ಹೋಲಿಕೆ ಶುರುವಾಗುತ್ತದೆ. 1965ರ ಶಾಸ್ತ್ರಿಯವರು ದೊಡ್ಡವರೋ, 1971ರ ಇಂದಿರಾ ಗಾಂಧಿಯವರೋ, ಈಗಿನವರೋ? 1962ರ ಮಾತು ಬಂದರೆ ನೆಹರೂ ಅವರಿಗೆ ಸೊನ್ನೆ. ಅಂಕ ಹಾಕುವುದು ಮೇಷ್ಟ್ರಾದ ನನ್ನ ಕಸುಬು. ಆದರೆ ಇಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾರು ಗೆದ್ದರು?

ಆ ಲೆಕ್ಕದಲ್ಲಿ ಕಳಿಂಗ ಗೆದ್ದ ಅಶೋಕನಿಗೆ ನೂರಕ್ಕೆ ನೂರು. ಆ ಅಂಕವನ್ನು ಒಪ್ಪದವನು ಅಶೋಕನೇ. ತನ್ನ 13ನೇ ಶಿಲಾಶಾಸನದಲ್ಲಿ ಅವನು ಲೆಕ್ಕ ಬರೆಸಿದ: ಒಂದೂವರೆ ಲಕ್ಷ ಜನರನ್ನು ಊರು ಬಿಡಿಸಿ ಸಾಗಿಸಲಾಯಿತು, ಒಂದು ಲಕ್ಷ ಜನ ಹತರಾದರು, ಅದರ ಎಷ್ಟೋ ಪಟ್ಟು ಜನ ಸತ್ತರು. ಇದು ತನಗೆ ನೋವು ಕೊಟ್ಟಿತೆಂದೂ ಹೇಳಿದ. ನಮ್ಮವನೆಂದು ನಾವು ಇಲ್ಲಿಗೇ ಕಣ್ಣು ಮುಚ್ಚಬಾರದು. ಅದೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆಯೂ ಇದೆ. ಸಾಗಿಸಿದವರನ್ನು ವಾಪಸು ಕಳಿಸಿದೆನೆಂಬ ಮಾತು ಇಲ್ಲ. ಕಳಿಂಗದ ಧೌಲಿ, ಜೌಗಡದ ಬಂಡೆಗಳ ಮೇಲೆ ಈ ಶಾಸನವನ್ನೇ ಕೆತ್ತಿಸಲಿಲ್ಲ. ನಮ್ಮ ಮೊಳಕಾಲ್ಮೂರಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ತಂದೆತಾಯಿಯ ಮಾತು ಕೇಳಿ, ಜೀವಗಳಿಗೆ ದಯೆ ತೋರಿ, ಸತ್ಯ ನುಡಿಯಿರಿ ಎಂದಿದ್ದಾನೆ. ಕಳಿಂಗದ ಸುದ್ದಿ ಇಲ್ಲಿಯೂ ಇಲ್ಲ.

ಇನ್ನು ದುರ್ಗ. ಮದಕರಿ ದೊಡ್ಡವನೋ ಹೈದರನೋ ಎಂದು ನಮ್ಮ ಕಡೆ ನಾಟಕದ ರಾತ್ರಿಗಳಲ್ಲಿ ಈಗಲೂ ಜಗಳವಾಗುತ್ತದೆ. 1779ರಲ್ಲಿ ಕೋಟೆ ಬಿದ್ದ ಮೇಲೆ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಅವರ ಹುಡುಗರನ್ನು ಚೇಲಾ ಪಡೆಗೆ ಸೇರಿಸಿದರು. ಇದನ್ನು ಹೈದರನ ಧರ್ಮಕ್ಕೆ ಕಟ್ಟುವವರಿದ್ದಾರೆ. ಹಾಗಾದರೆ ಕಳಿಂಗದ ಒಂದೂವರೆ ಲಕ್ಷವನ್ನು ಯಾವ ಧರ್ಮಕ್ಕೆ ಕಟ್ಟೋಣ?

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬಿಡಿಸಿ ಹೇಳಿದ್ದಾರೆ. ಕಿಂಡಿಯ ಬಳಿ ನಮ್ಮ ಓಬವ್ವ ಒನಕೆ ಎತ್ತಿದ್ದು ಅಗತ್ಯಕ್ಕೆ. ಅದೇ ಪುಸ್ತಕದಲ್ಲಿ ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಹೊರಟಾಗ ಸಿದ್ಧಾರ್ಥ ಏನು ಹೇಳಿದ ನೆನಪಿಸಿಕೊಳ್ಳಿ: ಎರಡೂ ಕಡೆಯಿಂದ ಇಬ್ಬಿಬ್ಬರು, ಆ ನಾಲ್ವರು ಆರಿಸಿದ ಐದನೆಯವನು, ಈ ಐವರು ಕೂತು ಬಗೆಹರಿಸಲಿ. ಸಂಘದಲ್ಲಿ ಬಹುಮತ ಅವನ ವಿರುದ್ಧ ಬಿತ್ತು. ಯುದ್ಧದ ಅಗತ್ಯವಿದೆಯೇ ಎಂದು ನೋಡುವ ಮೊದಲು ಇಂಥ ಪಂಚಾಯ್ತಿಗೆ ಯಾರಾದರೂ ಕೂತರೇ ಎಂದು ನಾನು ನೋಡುತ್ತೇನೆ.

ಈ ಕೋಲಿನಿಂದ 1971ನ್ನು ಅಳೆದು ನೋಡಿ. ಆಗ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದಿದ್ದರು. ಇಂದಿರಾ ಗಾಂಧಿಯವರು ಮೊದಲು ದೇಶದೇಶ ತಿರುಗಿ ಕೇಳಿಕೊಂಡರು, ಆಮೇಲೆ ಯುದ್ಧವಾಯಿತು. ಸೆರೆ ಸಿಕ್ಕವರು ಸುಮಾರು 93,000. ಅವರನ್ನು 1973-74ರಲ್ಲಿ ಅವರವರ ಮನೆಗೆ ಕಳಿಸಿದರು. ಗೆದ್ದದ್ದನ್ನು ಸುಮ್ಮನೆ ಬಿಟ್ಟುಕೊಟ್ಟರು ಎಂದು ಇವತ್ತಿಗೂ ಬೈಯುವವರಿದ್ದಾರೆ. ನಾನಾದರೆ ಹೆಚ್ಚು ಅಂಕ ಕೊಡುವುದು ಆ ವಾಪಸು ಹೊರಟ ರೈಲುಗಳಿಗೇ.

ಭವತು ಸಬ್ಬ ಮಂಗಲಂ.