ಕಚ್ಚಿ ಹಿಡಿದ ಹಲ್ಲು

ಅಮೆರಿಕದ ಓಕ್ಲಹೋಮಾದಲ್ಲಿ ರಿಚರ್ಡ್ಸ್ ಸ್ಪರ್ ಎಂಬಲ್ಲಿ ಸುಣ್ಣಕಲ್ಲಿನ ಗಣಿಯಿದೆ. ಅಲ್ಲಿನ ಬಂಡೆಬಿರುಕುಗಳಲ್ಲಿ ಕ್ಯಾಪ್ಟೊರೈನಸ್ ಎಂಬ ಆದಿ ಸರೀಸೃಪದ ಎಲುಬುಗಳು ರಾಶಿರಾಶಿ ಸಿಕ್ಕಿವೆ; ವಯಸ್ಸು ಸುಮಾರು 29 ಕೋಟಿ ವರ್ಷ. ಬಯಲಲ್ಲಿ ಸತ್ತದ್ದನ್ನು ಬಿಸಿಲು-ಮಳೆ ತಿಂದವು, ಬಿರುಕಿಗೆ ಬಿದ್ದದ್ದು ಉಳಿಯಿತು. ಬಿದ್ದವರೆಲ್ಲ ಕೆಟ್ಟರೆಂದು ಹೇಳಲಾಗದು.

*

ಅಂಗೈಗೆ ಹಿಡಿಸುವ ತಲೆಬುರುಡೆ. ಹಲ್ಲಿ, ಮೊಸಳೆಗಳಿಗಿರುವಂತೆ ಕಣ್ಣಿನ ಹಿಂದೆ ಕಿಂಡಿಗಳಿಲ್ಲ. ದವಡೆಯ ಸ್ನಾಯು ಎಲುಬಿನ ಮರೆಯಲ್ಲೇ ದುಡಿಯಬೇಕಿತ್ತು. ಕಚ್ಚುವವರ ಬಲ ಮುಖದ ಮೇಲೆ ಕಾಣದು.

*

ನೆತ್ತಿಯಲ್ಲಿ ಮಾತ್ರ ಒಂದು ಸಣ್ಣ ತೂತು, ಬೆಳಕನ್ನು ಅರಿಯುವ ಅಂಗಕ್ಕೆ. ಎಷ್ಟೇ ಬಿಗಿದ ತಲೆಯಾದರೂ ಬೆಳಕಿಗೊಂದು ದಾರಿ ಬಿಟ್ಟಿರಬೇಕು.

*

ಮೂತಿಯ ತುದಿ ಕೆಳಕ್ಕೆ ಕೊಂಕಿದೆ. ಮುಂದಿನ ಹಲ್ಲು ಉದ್ದ, ಹಿಂದಿನವು ಮೊಂಡು. ಅವು ಹಿಡಿಯಲು, ಇವು ಅರೆಯಲು. ಹಿಡಿದದ್ದೆಲ್ಲ ಮೈಗೆ ಹತ್ತದು, ಅರೆದದ್ದಷ್ಟೇ ಹತ್ತುತ್ತದೆ. ಓದಿಗೂ ಇದೇ ಮಾತು.

*

ಕ್ಯಾಪ್ಟೊರೈನಸ್ ಅಗುಟಿ ಎಂಬ ಪ್ರಭೇದಕ್ಕೆ ದವಡೆಯ ಹಿಂಭಾಗದಲ್ಲಿ ಹಲವು ಸಾಲು ಹಲ್ಲು. ಹೊಸದು ನಾಲಿಗೆಯ ಕಡೆ ಹುಟ್ಟುತ್ತದೆ, ಹಳೆಯದು ಕೆನ್ನೆಯ ಕಡೆ ಸವೆಯುತ್ತಾ ಉಳಿಯುತ್ತದೆ. ಹೊಸಬ ಬಂದನೆಂದು ಹಳಬ ಎದ್ದು ಹೋಗಲಿಲ್ಲ; ಇಬ್ಬರೂ ಕೂಡಿ ಅರೆದರು.

*

ಅದೇ ಗಣಿಯ ಕ್ಯಾಪ್ಟೊರೈನಸ್ ಮ್ಯಾಗ್ನಸ್‌ಗೆ ಇದ್ದದ್ದು ಒಂದೇ ಸಾಲು. ಅದೇನೂ ಸೊರಗಲಿಲ್ಲ, ಮೈಯಲ್ಲಿ ಅಗುಟಿಗಿಂತ ದೊಡ್ಡದೇ. ನೆರೆಯವನ ಬಾಯಿ ಎಣಿಸಿ ನಮ್ಮ ಹೊಟ್ಟೆ ಅಳೆಯಬಾರದು.

*

ಈ ಬಳಗದ ದೈತ್ಯ ಮೊರಾಡಿಸಾರಸ್ ಸಿಕ್ಕಿದ್ದು ಆಫ್ರಿಕದ ನೈಜರ್‌ನಲ್ಲಿ. ಹಲ್ಲಿನ ಸಾಲುಗಳು ಹತ್ತರ ಆಸುಪಾಸು. ದವಡೆ ನೋಡಿದರೆ ಆಗತಾನೇ ಉಳಿಪೆಟ್ಟು ಹಾಕಿಸಿದ ಬೀಸುಕಲ್ಲು. ಸೊಪ್ಪುಸದೆ ತಿನ್ನುವ ಬಾಯಿ ಅದು. ಸಾಧು ಊಟಕ್ಕೇ ಹಲ್ಲು ಹೆಚ್ಚು ಬೇಕು.

*

ಲ್ಯಾಬಿಡೊಸಾರಸ್ ಕೂಡ ಇವರ ನೆಂಟನೇ. ಅದರ ಹಲ್ಲುಗಳು ದವಡೆಗೆ ಭದ್ರವಾಗಿ ಬೆಸೆದುಕೊಂಡಿದ್ದವು, ಬದಲಾಗುತ್ತಿದ್ದದ್ದು ಅಪರೂಪ. 2011ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ರಾಬರ್ಟ್ ರೈಸ್ ಮತ್ತು ಸಂಗಡಿಗರು ಒಂದು ದವಡೆಯನ್ನು ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದರು. ಪೆಟ್ಟು ತಿಂದ ಹಲ್ಲಿನ ತಿರುಳು ತೆರೆದುಕೊಂಡು, ಬ್ಯಾಕ್ಟೀರಿಯಾ ಒಳನುಗ್ಗಿ, ಸೋಂಕು ಎಲುಬಿಗೇ ಇಳಿದಿತ್ತು. 27.5 ಕೋಟಿ ವರ್ಷ ಹಳೆಯ ಹಲ್ಲುನೋವು!

*

ಬೀಳುವ ಹಲ್ಲಾಗಿದ್ದರೆ ಕೊಳೆತದ್ದು ತನ್ನ ರೋಗವನ್ನೂ ಕಟ್ಟಿಕೊಂಡು ಹೋಗುತ್ತಿತ್ತು. ಉಳಿದದ್ದರಿಂದಲೇ ಕೆಟ್ಟಿತು. ಕುರ್ಚಿ ಬಿಡದವರು ಈ ದವಡೆಯನ್ನೊಮ್ಮೆ ನೋಡಬೇಕು.

*

ಹಾಗೆಂದು ಭದ್ರತೆಯನ್ನೇ ಹಳಿಯುವುದೂ ತಪ್ಪು. ಅಲ್ಲಾಡುವ ಹಲ್ಲಿನಿಂದ ಯಾರೂ ಗಟ್ಟಿ ಕಾಳು ಅರೆದಿಲ್ಲ. ಬಾಳಿಕೆ ಬರುವುದಕ್ಕೆಲ್ಲ ಆರೈಕೆಯ ಸುಂಕವಿದೆ, ಅಷ್ಟೆ.

*

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ನಮ್ಮ ಗಾದೆ ಮೊಸಳೆಗೆ ಅನ್ವಯಿಸದು. ಉದುರಿದಂತೆಲ್ಲ ಅದಕ್ಕೆ ಮತ್ತೆ ಹುಟ್ಟುತ್ತವೆ. ನಮಗೆ ಹಾಲುಹಲ್ಲು ಬಿದ್ದ ಮೇಲೆ ಸಿಗುವುದು ಒಂದೇ ಕಂತು. ಈ ವಿಷಯದಲ್ಲಿ ನಾವು ಲ್ಯಾಬಿಡೊಸಾರಸ್‌ನ ಪಂಕ್ತಿಯವರು.

*

ಆದ್ದರಿಂದ ಹಲ್ಲು ನೋಯತೊಡಗಿದರೆ ಲವಂಗ ಕಚ್ಚಿಕೊಂಡು ದಿನ ತಳ್ಳಬೇಡಿ, ವೈದ್ಯರ ಬಳಿ ಹೋಗಿ. ಲ್ಯಾಬಿಡೊಸಾರಸ್‌ಗೆ ಆ ಅನುಕೂಲ ಇರಲಿಲ್ಲ.